ಬಾಕಿ ಬಿಡಬಾರದ ವಾರ್ಡಿನಲ್ಲಿ

ಮುಂಬಯಿಯ ಫೋರ್ಟಿನ ಉಡುಪಿ ಹೋಟೆಲೊಂದರ ಅಡುಗೆಮನೆಯಿಂದ ಭಟ್ಟರನ್ನು ಬೈಕುಲ್ಲಾದ ನಮ್ಮ ಆಸ್ಪತ್ರೆಗೆ ತರುವಷ್ಟರಲ್ಲಿ ಅವರ ಸಣ್ಣ ಕರುಳಿನ ಹೆಚ್ಚಿನ ಪಾಲು ಸತ್ತುಹೋಗಿತ್ತು. ಕರುಳಿಗೆ ರಕ್ತ ಒಯ್ಯುವ ನಾಳದಲ್ಲಿ ಗಡ್ಡೆ ಕಟ್ಟಿತ್ತು. ಹೊಟ್ಟೆನೋವನ್ನು ಗ್ಯಾಸ್ ಎಂದುಕೊಂಡು, ಸೋಡಾ ಕುಡಿದು, ಓಮ ಅಗಿದು, ಬೆಳಗಿನ ರಶ್ ಮುಗಿಸಿದ ಮೇಲೆಯೇ ಅವರು ಒಲೆಯ ಮುಂದೆ ಕುಸಿದದ್ದಂತೆ. ಆಫೀಸಿನವರಿಗೆ ಇಡ್ಲಿ ತಪ್ಪಬಾರದು ನೋಡಿ. ಸರ್ಜನ್ ಸತ್ತ ಭಾಗವನ್ನು ಕತ್ತರಿಸಿ ತೆಗೆದರು, ಉಳಿದ ತುಂಡಿನ ತುದಿಯನ್ನು ಹೊಟ್ಟೆಯ ಮೇಲೆ ಹೊರಕ್ಕೆ ತಂದು ಚೀಲ ಅಂಟಿಸಿದರು, ಐಸಿಯುವಿನಲ್ಲಿ ಸ್ವಲ್ಪ ದಿನ ಇಟ್ಟುಕೊಂಡು ನಮ್ಮ ಸರ್ಜಿಕಲ್ ವಾರ್ಡಿಗೆ ಕಳಿಸಿದರು.

ಅವರ ಹೆಸರು ಇಲ್ಲಿ ಬೇಡ. ಹೋಟೆಲಿನಲ್ಲಿ ಎಲ್ಲರೂ ಭಟ್ಟರು ಎನ್ನುತ್ತಿದ್ದರು, ವಾರ್ಡಿನಲ್ಲಿ ನಾನೂ ಹಾಗೆಯೇ ಕರೆದೆ. ನಾನು ಆ ವಾರ್ಡಿನ ಸೀನಿಯರ್ ಸಿಸ್ಟರ್. ಘಾಟ್ಕೋಪರಿನಲ್ಲಿ ಹುಟ್ಟಿ ಬೆಳೆದವಳು, ಅಪ್ಪ ಇಂಥದೇ ಹೋಟೆಲೊಂದರಲ್ಲಿ ಸಪ್ಲೈಯರ್ ಆಗಿದ್ದವರು. ಹೀಗಾಗಿ ಕನ್ನಡದ ಪೇಶಂಟ್ ಬಂದರೆ ವಾರ್ಡಿನವರು ಹುಡುಕುವುದು ನನ್ನನ್ನೇ.

ಸರ್ಜನ್ ಲೆಕ್ಕಾಚಾರ ಸ್ಪಷ್ಟವಾಗಿತ್ತು. ಕೆಲವು ವಾರಗಳ ನಂತರ ಎರಡನೆಯ ಆಪರೇಷನ್ ಮಾಡಿ, ಹೊರಗಿರುವ ತುದಿಯನ್ನು ದೊಡ್ಡ ಕರುಳಿಗೆ ಜೋಡಿಸಬೇಕು. ಅದು ಆದರೆ ಭಟ್ಟರು ಬಾಯಿಂದ ಉಂಡು ಬದುಕುವ ಆಸೆ ಉಂಟು. ಆದರೆ ಅಷ್ಟರೊಳಗೆ ಗಾಯ ಮಾಯಬೇಕು, ಮೈಯಲ್ಲಿ ಸ್ವಲ್ಪ ಮಾಂಸ ಕೂಡಬೇಕು. ಬಾಯಿಂದ ಕೊಟ್ಟದ್ದೆಲ್ಲ ನೀರಿನ ಹಾಗೆ ಚೀಲಕ್ಕೆ ಬರುತ್ತಿತ್ತು. ಉಳಿದ ದಾರಿ ಒಂದೇ, ಊಟವನ್ನು ನೇರವಾಗಿ ರಕ್ತಕ್ಕೆ ಕೊಡುವುದು. ನಾವು ಅದನ್ನು ಟಿಪಿಎನ್ ಎನ್ನುತ್ತೇವೆ.

ಟಿಪಿಎನ್ ಬರುವುದು ಮೂರು ಕೋಣೆಗಳ ದೊಡ್ಡ ಪ್ಲಾಸ್ಟಿಕ್ ಬ್ಯಾಗಿನಲ್ಲಿ. ಒಂದರಲ್ಲಿ ಸಕ್ಕರೆ ನೀರು, ಇನ್ನೊಂದರಲ್ಲಿ ಪ್ರೋಟೀನು, ಮತ್ತೊಂದರಲ್ಲಿ ಎಣ್ಣೆ. ಬ್ಯಾಗನ್ನು ಮೇಲಿಂದ ಸುರುಳಿ ಸುತ್ತುತ್ತ ಒತ್ತಿದರೆ ನಡುವಿನ ತಡೆಗಳು ಬಿಡುತ್ತವೆ, ಮೂರೂ ಸೇರಿ ಹಾಲಿನ ಬಣ್ಣ ಬರುತ್ತದೆ. ಕುತ್ತಿಗೆಯ ದೊಡ್ಡ ರಕ್ತನಾಳಕ್ಕೆ ಹಾಕಿದ ಸೆಂಟ್ರಲ್ ಲೈನಿನ ಒಂದು ಬಾಯಿ ಇದಕ್ಕೇ ಮೀಸಲು. ಅದರಲ್ಲಿ ಬೇರೆ ಇಂಜೆಕ್ಷನ್ ಕೊಡಬಾರದು, ರಕ್ತ ಎಳೆಯಬಾರದು, ಮುಟ್ಟುವ ಮೊದಲು ಸ್ಪಿರಿಟ್ಟಿನಿಂದ ಚೆನ್ನಾಗಿ ಉಜ್ಜಬೇಕು. ಈ ಸಿಹಿ ಎಣ್ಣೆ ನೀರು ರೋಗಾಣುಗಳಿಗೂ ಹಬ್ಬದೂಟವೇ. ಪಂಪಿನಲ್ಲಿ ಗಂಟೆಗೆ ಇಷ್ಟೇ ಎಂದು ಸೆಟ್ ಮಾಡಿ ಇಡೀ ದಿನ ಹರಿಸಬೇಕು. ದಿನ ಕಳೆದ ಮೇಲೆ ಬ್ಯಾಗಿನಲ್ಲಿ ಎಷ್ಟೇ ಉಳಿದಿರಲಿ, ಎಸೆದು ಹೊಸದು ಹಾಕಬೇಕು. ಹಿಂದೆ ಬಿದ್ದಿದೆ ಎಂದು ರೇಟ್ ಏರಿಸಿ ಓಡಿಸಬಾರದು. ಇದ್ದಕ್ಕಿದ್ದಂತೆ ನಿಲ್ಲಿಸಲೂಬಾರದು. ಇವೆಲ್ಲ ನಮ್ಮ ಸಿಸ್ಟರುಗಳಿಗೆ ಬಾಯಿಪಾಠ. ಗೋಡೆಗೂ ಅಂಟಿಸಿದ್ದರು, ಲ್ಯಾಮಿನೇಶನ್ ಸಮೇತ.

ಭಟ್ಟರು ಮೊದಲ ದಿನ ಬ್ಯಾಗನ್ನು ಬಹಳ ಹೊತ್ತು ನೋಡಿದರು.

"ಸಾಂಬಾರಿನ ಮುಖ ನೋಡಿಯೇ ಉಪ್ಪು ಹೇಳ್ತೇನೆ ಸಿಸ್ಟರ್," ಎಂದರು. "ಇದರ ಮುಖ ನೋಡಿದ್ರೆ ಎಂತದೂ ಗೊತ್ತಾಗುದಿಲ್ಲ."

"ಉಪ್ಪೂ ಉಂಟು, ಸಕ್ಕರೆಯೂ ಉಂಟು. ರುಚಿ ಮಾತ್ರ ಇಲ್ಲ."

"ಹಾಗಾದ್ರೆ ಆಸ್ಪತ್ರೆ ಕ್ಯಾಂಟೀನಿಂದೇ ಇರ್ಬೇಕು."

ಅವರ ಹೆಂಡತಿ ನಗಲಿಲ್ಲ. ಕುಂದಾಪುರದ ಕಡೆಯ ಹೆಂಗಸು, ಗಂಡನ ಹೋಟೆಲಿಗೆ ಮನೆಯಲ್ಲೇ ಹಪ್ಪಳ ಸಂಡಿಗೆ ಮಾಡಿ ಕೊಡುತ್ತಿದ್ದರು. ಮದುವೆಯಾದಂದಿನಿಂದ ಊರಿಗೆಲ್ಲ ಬಡಿಸಿದ ಗಂಡ ಈಗ ಒಂದು ಗುಟುಕು ಗಂಜಿಗೂ ಇಲ್ಲದೆ ಮಲಗಿದ್ದನ್ನು ಅವರಿಗೆ ನೋಡಲಾಗುತ್ತಿರಲಿಲ್ಲ. "ಹೊಟ್ಟೆಗೆ ಎಂತದೂ ಹೋಗದೆ ಮನುಷ್ಯ ಹೇಗೆ ಬದುಕ್ತಾನೆ ಸಿಸ್ಟರ್?" ಎಂದು ದಿನಕ್ಕೆ ನಾಲ್ಕು ಸಲವಾದರೂ ಕೇಳುತ್ತಿದ್ದರು. ನಾನು ಅವರನ್ನು ಅಕ್ಕ ಎಂದೇ ಕರೆಯುತ್ತಿದ್ದೆ. ಈ ಬ್ಯಾಗೇ ಊಟ ಅಕ್ಕ, ಎಂದು ಹೇಳಿ ಹೇಳಿ ಸಾಕಾಗಿತ್ತು.

ಈಗ ನಮ್ಮ ವಾರ್ಡಿನ ಒಂದು ಪದ್ಧತಿಯನ್ನು ಹೇಳಬೇಕು. ಅದು ಯಾವ ಗೋಡೆಯ ಮೇಲೂ ಇಲ್ಲ. ಬೆಳಗಿನ ಪಾಳಿ ಮಧ್ಯಾಹ್ನ ಎರಡಕ್ಕೆ ಮುಗಿಯುತ್ತದೆ. ಆಗ ಸಿಸ್ಟರುಗಳಿಗೆಲ್ಲ ಮೇಲಿನವರಾದ ಮೇಟ್ರನ್ ಮೇಡಂ ಹಾಸಿಗೆಯಿಂದ ಹಾಸಿಗೆಗೆ ನಡೆಯುತ್ತಾರೆ, ಹೋಗುವವರು ಬರುವವರಿಗೆ ಪೇಶಂಟನ್ನು ಒಪ್ಪಿಸುತ್ತಾರೆ, ಅದೇ ಹ್ಯಾಂಡೋವರ್. ಸ್ಟ್ಯಾಂಡಿನಲ್ಲಿ ಅರ್ಧ ಬಾಟಲಿ ನೇತಾಡುತ್ತಿದ್ದರೆ ಮೇಡಂ ನಿಲ್ಲುತ್ತಾರೆ. "ಯೇ ಬಾಕಿ ಕ್ಯೋಂ ಹೈ?" ಇದು ಯಾಕೆ ಬಾಕಿ, ಎನ್ನುತ್ತಾರೆ. ಜೋರು ದನಿಯೇನಿಲ್ಲ, ಆದರೆ ಎಲ್ಲರ ಮುಂದೆ. ಬಾಕಿ ಬಿಟ್ಟವಳು ಸೋಮಾರಿ, ತನ್ನ ಕೆಲಸವನ್ನು ಇನ್ನೊಬ್ಬಳ ತಲೆಗೆ ಕಟ್ಟಿದವಳು. ಅದಕ್ಕೇ ಒಂದು ಗಂಟೆಯಾಗುತ್ತಲೇ ನಮ್ಮ ಹುಡುಗಿಯರು ವಾರ್ಡ್ ಸುತ್ತುತ್ತ ಬಾಕಿಯಿದ್ದದ್ದನ್ನೆಲ್ಲ ಓಡಿಸಿ ಮುಗಿಸುತ್ತಾರೆ. ಸಲೈನ್ ಬಾಟಲಿಯಾದರೆ ಹೆಚ್ಚಿನವರಿಗೆ ಏನೂ ಆಗುವುದಿಲ್ಲ. ಏನೂ ಆಗದೆ ಇದ್ದದ್ದರಿಂದಲೇ ಆ ಪದ್ಧತಿ ಅಷ್ಟು ವರ್ಷ ಬಾಳಿತು.

ಭಟ್ಟರ ಬ್ಯಾಗ್ ಬದಲಾಗುತ್ತಿದ್ದದ್ದೂ ಎರಡಕ್ಕೇ.

ಮೊದಲ ವಾರ ಕಳೆಯುತ್ತಲೇ ಅವರಿಗೆ ವಿಚಿತ್ರ ತೊಂದರೆ ಶುರುವಾಯಿತು. ಮಧ್ಯಾಹ್ನ ಬಾಯಿ ಒಣಗುವುದು, ಆಮೇಲೆ ಮೈಯೆಲ್ಲ ಬೆವರಿ ಕೈ ನಡುಗುವುದು. ಶುಗರ್ ಒಮ್ಮೆ ಮುಗಿಲಿಗೆ, ಇನ್ನೊಮ್ಮೆ ಪಾತಾಳಕ್ಕೆ. ಬೆವರು, ನಡುಕ ಎಂದ ಕೂಡಲೇ ಎಲ್ಲರಿಗೂ ಹೆದರಿಕೆಯಾದದ್ದು ಲೈನಿಗೆ ಸೋಂಕು ತಗುಲಿದೆಯೇ ಎಂದು. ರೆಸಿಡೆಂಟ್ ಡಾಕ್ಟರು ಲೈನಿನಿಂದಲೂ ಕೈಯಿಂದಲೂ ರಕ್ತ ತೆಗೆದು ಕಲ್ಚರಿಗೆ ಕಳಿಸಿದರು. ಸೋಂಕಾಗಿದ್ದರೆ ಲೈನ್ ಕೀಳಬೇಕು. ಕಿತ್ತರೆ ಊಟ ನಿಲ್ಲುತ್ತದೆ, ಆಪರೇಷನ್ ಮುಂದಕ್ಕೆ ಹೋಗುತ್ತದೆ, ಮತ್ತೊಂದು ಲೈನಿಗೆ ಅವರ ಕುತ್ತಿಗೆಯಲ್ಲಿ ಒಳ್ಳೆಯ ನಾಳ ಸಿಗುವುದೂ ಕಷ್ಟ. ಕೊನೆಗೆ ಕಲ್ಚರ್ ವರದಿ ಬಂತು. ಅದರಲ್ಲಿ ಯಾವ ರೋಗಾಣುವೂ ಬೆಳೆದಿರಲಿಲ್ಲ. ಜ್ವರವೂ ಇರಲಿಲ್ಲ.

ಹಾಗಾದರೆ ಈ ನಡುಕ ಎಲ್ಲಿಯದು? ಒಂದು ದಿನ ನಾನು ಊಟಕ್ಕೆ ಹೋಗದೆ ಅವರ ಹಾಸಿಗೆಯ ಬಳಿಯೇ ಇದ್ದು ನೋಡಿದೆ. ಒಂದು ಗಂಟೆ ದಾಟುತ್ತಲೇ ನಮ್ಮವಳೇ ಒಬ್ಬಳು ಬಂದು, ಬ್ಯಾಗಿನ ಕಡೆ ನೋಡಿ, ಪಂಪಿನ ಗುಂಡಿ ಟಕಟಕ ಒತ್ತಿದಳು. ರೇಟ್ ಎರಡು ಪಟ್ಟಿಗಿಂತ ಹೆಚ್ಚಾಯಿತು. ಬೆಳಿಗ್ಗೆ ಭಟ್ಟರನ್ನು ಸ್ಕ್ಯಾನಿಗೆ ಒಯ್ದಾಗ ಪಂಪ್ ನಿಂತಿತ್ತು, ಅದಕ್ಕೇ ಬ್ಯಾಗ್ ಹಿಂದೆ ಬಿದ್ದಿತ್ತು. ಅವಳು ನನ್ನನ್ನು ನೋಡಿ ನಕ್ಕಳು, ನಾನು ಸಹಾಯಕ್ಕೆ ಬಂದಿದ್ದೇನೆ ಎಂದುಕೊಂಡಳೋ ಏನೋ.

ಆ ಸಕ್ಕರೆಯೆಲ್ಲ ಒಮ್ಮೆಗೇ ರಕ್ತಕ್ಕೆ ನುಗ್ಗಿದರೆ ಶುಗರ್ ಏರುತ್ತದೆ. ಏರಿತೆಂದು ಡಾಕ್ಟರು ಇನ್ಸುಲಿನ್ ಕೊಡಿಸುತ್ತಾರೆ, ಮೈ ತಾನೂ ಇನ್ಸುಲಿನ್ ಸುರಿಸುತ್ತದೆ. ಅಷ್ಟರಲ್ಲಿ ಬ್ಯಾಗ್ ಖಾಲಿ. ಹೊಸದು ಹತ್ತುವುದು ಸ್ವಲ್ಪ ತಡವಾದರೂ ಸಕ್ಕರೆ ಕುಸಿಯುತ್ತದೆ. ಇದರಲ್ಲಿ ಯಾರೂ ಕಂಡುಹಿಡಿಯಬೇಕಾದ್ದು ಏನಿಲ್ಲ, ನರ್ಸಿಂಗ್ ಪುಸ್ತಕದಲ್ಲೇ ಇದೆ.

ನಾನು ಸರ್ಜನ್‌ಗೆ ಹೇಳಿದೆ. ಅವರು ಸಿಟ್ಟಾದರು, ಯಾರು ಹೀಗೆ ಮಾಡಿದ್ದು ಎಂದು ವಾರ್ಡಿನ ನಡುವೆ ನಿಂತು ಹಿಂದಿಯಲ್ಲೂ ಇಂಗ್ಲಿಷಿನಲ್ಲೂ ಕೂಗಾಡಿದರು. ಆಮೇಲೆ ಓಟಿಯಿಂದ, ಅಂದರೆ ಆಪರೇಷನ್ ಥಿಯೇಟರಿನಿಂದ, ಫೋನ್ ಬಂತು, ಹೋದರು. ನಾನು ಮೇಟ್ರನ್ ಮೇಡಂ ಕೋಣೆಗೆ ಹೋದೆ.

"ನನಗೆ ಕಲಿಸ್ತೀಯಾ?" ಎಂದರು ಮೇಡಂ, ಹಿಂದಿಯಲ್ಲಿ. "ಟಿಪಿಎನ್ ಓಡಿಸಬಾರದು ಅಂತ ನಾನೇ ಕ್ಲಾಸ್ ತೆಗೆದುಕೊಂಡಿಲ್ಲವಾ?"

"ಹಾಗಿದ್ದರೆ ಹ್ಯಾಂಡೋವರಿನಲ್ಲಿ ಟಿಪಿಎನ್ ಬಾಕಿ ಇದ್ದರೆ ಕೇಳಬೇಡಿ ಮೇಡಂ. ಹುಡುಗಿಯರು ನಿಮಗೆ ಹೆದರಿ ಓಡಿಸ್ತಾರೆ."

"ಇವತ್ತು ಟಿಪಿಎನ್ ಬಿಡು ಅಂದ್ರೆ ನಾಳೆ ಎಲ್ಲವನ್ನೂ ಬಾಕಿ ಬಿಡ್ತಾರೆ. ರೇಟೂ ಸರಿ ಇರಬೇಕು, ಹ್ಯಾಂಡೋವರೂ ಕ್ಲೀನ್ ಇರಬೇಕು. ಎರಡೂ ಮಾಡಿ."

ಎರಡನ್ನೂ ಹೇಗೆ ಮಾಡುವುದೆಂದು ಮಾತ್ರ ಮೇಡಂ ಹೇಳಲಿಲ್ಲ. ನಾನು ಇನ್ನೊಂದು ಬೇಡಿಕೆ ಇಟ್ಟೆ. ಹೊಸ ಬ್ಯಾಗ್ ತಡವಾದರೆ ಡಾಕ್ಟರಿಗೆ ಕಾಯದೆ ಸಿಸ್ಟರುಗಳೇ ಸಕ್ಕರೆಯ ಡ್ರಿಪ್ ಹಚ್ಚಲು ಮೊದಲೇ ಒಂದು ಖಾಯಂ ಆರ್ಡರ್ ಬರೆಸಿಡಿ ಎಂದೆ. ಕಮಿಟಿಯ ಮುಂದೆ ಇಡ್ತೇನೆ ಎಂದರು. ಆ ಕಮಿಟಿ ಯಾವಾಗ ಕೂಡುತ್ತದೆ ಎಂದು ನಾನು ಕೇಳಲಿಲ್ಲ, ಕೇಳಿದ್ದರೂ ಅವರಿಗೆ ಗೊತ್ತಿರುತ್ತಿರಲಿಲ್ಲ.

ಸರಿ, ನನ್ನ ಕೈಲಾದದ್ದನ್ನು ಮಾಡೋಣ ಎಂದು ಹೊರಟೆ. ಪಂಪಿನ ಮೇಲೆ ದಪ್ಪ ಅಕ್ಷರದಲ್ಲಿ ಹಿಂದಿ, ಮರಾಠಿ ಎರಡರಲ್ಲೂ ರೇಟ್ ಮುಟ್ಟಬೇಡಿ ಎಂದು ಬರೆದು ಟೇಪ್ ಹಚ್ಚಿದೆ. ಬೆಳಗಿನ ಪಾಳಿಯನ್ನು ಸಾಧ್ಯವಾದಷ್ಟು ನಾನೇ ಹಾಕಿಸಿಕೊಂಡೆ. ಎರಡು ಗಂಟೆಗೆ ಬ್ಯಾಗಿನಲ್ಲಿ ಉಳಿದದ್ದನ್ನು ಮೇಡಂ ಎದುರೇ ತೆಗೆದು ಹೊಸದು ಹಾಕುತ್ತಿದ್ದೆ. ಅವರು ಬೇರೆ ಕಡೆ ನೋಡುತ್ತಿದ್ದರು.

ಎಸೆಯುವುದನ್ನು ನೋಡಿ ಅಕ್ಕ ತತ್ತರಿಸಿಹೋದರು.

"ಅಯ್ಯೋ, ಅಷ್ಟೂ ಚೆಲ್ಲುದಾ ಸಿಸ್ಟರ್? ಊಟ ಅಂತ ನೀವೇ ಹೇಳಿದ್ದಲ್ಲವಾ?"

"ಹೊತ್ತು ಮೀರಿದ ಊಟ ಅಕ್ಕ. ಇಟ್ಟರೆ ಕೆಡ್ತದೆ, ಚೆಲ್ಲಲೇಬೇಕು."

"ಪಾತ್ರೆ ತಳದಲ್ಲಿ ಉಳಿದದ್ದನ್ನೂ ನಾವು ಬಳಿದು ಯಾರಿಗಾದ್ರೂ ಹಾಕ್ತೇವೆ. ಅನ್ನ ಚೆಲ್ಲಿದ್ರೆ ಒಳ್ಳೇದಾಗ್ತದಾ?"

ಹಾಸಿಗೆಯಿಂದ ಭಟ್ಟರೇ ನನ್ನ ಪರ ವಾದಿಸಿದರು. "ಬೆಳಗ್ಗಿನ ಕಾಯಿ ಚಟ್ನಿ ಸಂಜೆ ಗಿರಾಕಿಗೆ ಕೊಡ್ತೇನಾ ನಾನು? ತೆಗೆದು ಬಿಸಾಡ್ತೇನೆ. ಅವರ ಅಡಿಗೆ ಅವರಿಗೆ ಗೊತ್ತುಂಟು, ನೀನು ಸುಮ್ಮನಿರು ಮಾರಾಯ್ತಿ." ಅಕ್ಕ ಸುಮ್ಮನಾದರು, ಒಪ್ಪಲಿಲ್ಲ. ನಾನು ಬ್ಯಾಗನ್ನು ಕೆಂಪು ಕಸದ ಡಬ್ಬಕ್ಕೆ ಹಾಕುವಾಗಲೆಲ್ಲ ಅವರು ಮುಖ ತಿರುಗಿಸಿ ಕೂರುತ್ತಿದ್ದರು.

ಆದರೂ ದಿನಗಳು ಚೆನ್ನಾಗಿ ಹೋದವು. ಶುಗರ್ ಒಂದು ಹದಕ್ಕೆ ನಿಂತಿತು. ಹೊಟ್ಟೆಯ ಗಾಯ ಕೆಂಪಗೆ ತುಂಬಿಕೊಂಡು ಬಂತು. ಭಟ್ಟರು ಗೋಡೆ ಹಿಡಿದು ಬಾತ್‌ರೂಮಿಗೆ ನಡೆಯತೊಡಗಿದರು, ಪಕ್ಕದ ಹಾಸಿಗೆಯ ಗುಜರಾತಿಗೆ ಸಾಂಬಾರಿಗೆ ಬೆಲ್ಲ ಹಾಕುವುದು ಎಷ್ಟು ದೊಡ್ಡ ಅಪರಾಧ ಎಂದು ಹಿಂದಿಯಲ್ಲಿ ವಿವರಿಸುತ್ತಿದ್ದರು. ಸರ್ಜನ್ ಬಂದು ಹೊಟ್ಟೆ ಮುಟ್ಟಿ ನೋಡಿ, ಮುಂದಿನ ವಾರ ಜೋಡಿಸೋಣ ಎಂದರು. ಆ ದಿನ ಅಕ್ಕ ಮೊದಲ ಸಲ ನಕ್ಕದ್ದನ್ನು ನೋಡಿದೆ. ನನಗೂ ಬಹಳ ಖುಷಿಯಾಗಿತ್ತು, ಸುಳ್ಳು ಯಾಕೆ ಹೇಳಲಿ.

ಅದರ ಮುಂಚಿನ ರವಿವಾರ ನನಗೆ ರಜೆ. ವಾರ್ಡಿನಲ್ಲಿ ಬೆಳಗಿನ ಪಾಳಿಗೆ ಇದ್ದವಳು ಬಾಗಲಕೋಟೆಯ ಹುಡುಗಿ. ಕೆಲಸಕ್ಕೆ ಸೇರಿ ವರ್ಷ ತುಂಬಿರಲಿಲ್ಲ, ಮೇಲಿನ ಮಾಳಿಗೆಯ ಹಾಸ್ಟೆಲಿನಲ್ಲೇ ಇದ್ದಳು, ನನ್ನನ್ನು ಅಕ್ಕಾರ ಎನ್ನುತ್ತಿದ್ದಳು. ಕೈ ಶುದ್ಧ, ಬುದ್ಧಿ ಚುರುಕು. ಟಿಪಿಎನ್ ಬಗ್ಗೆ ಯಾವಾಗ ಕೇಳಿದರೂ ಗಿಳಿಯ ಹಾಗೆ ಒಪ್ಪಿಸುತ್ತಿದ್ದಳು. ರವಿವಾರವೆಂದರೆ ಫಾರ್ಮಸಿಯಲ್ಲಿ ಒಬ್ಬನೇ, ಡಾಕ್ಟರುಗಳು ಅರ್ಧಕ್ಕರ್ಧ. ಮಧ್ಯಾಹ್ನದ ಪಾಳಿಗೆ ಏಜೆನ್ಸಿಯಿಂದ ಬಂದ ಹೊಸ ಸಿಸ್ಟರ್. ಮೇಟ್ರನ್ ಮೇಡಂ ಮಾತ್ರ ರವಿವಾರವೂ ರೌಂಡ್ ತಪ್ಪಿಸುವವರಲ್ಲ.

ಸಂಜೆ ನಾಲ್ಕರ ಹೊತ್ತಿಗೆ ನನ್ನ ಫೋನ್ ಬಡಿದುಕೊಂಡಿತು.

"ಅಕ್ಕಾರ, ಭಟ್ರಿಗೆ ಫಿಟ್ಸ್ ಬಂದೈತ್ರಿ," ಎಂದಳು ಹುಡುಗಿ. ಸುದ್ದಿ ಕೇಳಿ ಹಾಸ್ಟೆಲಿನಿಂದ ವಾರ್ಡಿಗೆ ಓಡಿ ಬಂದಿದ್ದಳು. "ಶುಗರ್ ನೋಡಿದ್ರ ಮೀಟರ್‌ನ್ಯಾಗ ನಂಬರೇ ಬರವಲ್ದು, ಲೋ ಅಂತ ತೋರಸಾಕತ್ತೈತಿ."

"ಗ್ಲೂಕೋಸ್ ಕೊಟ್ರಾ?"

"ಈಗ ಡಾಕ್ಟರ್ ಓಟಿಯಿಂದ ಓಡಿ ಬಂದು ಕೊಟ್ರಿ. ಐಸಿಯುಗೆ ಒಯ್ಯಾಕತ್ಯಾರ."

"ಬ್ಯಾಗ್ ಏನಾಯ್ತು?"

ಅವಳು ಅಳತೊಡಗಿದಳು. ನಾನು ಫೋನಿಟ್ಟು ಹೊರಟೆ. ಸೆಂಟ್ರಲ್ ರೈಲ್ವೆಯಲ್ಲಿ ಹಳಿ ದುರಸ್ತಿಯ ಮೆಗಾಬ್ಲಾಕ್, ಘಾಟ್ಕೋಪರಿನಲ್ಲಿ ಹತ್ತಿದ ಲೋಕಲ್ ಕುರ್ಲಾದ ಆಚೆ ನಿಂತೇಬಿಟ್ಟಿತು. ಬಾಗಿಲ ಬಳಿ ನಿಂತು ಹಳಿ ನೋಡುತ್ತ ನಾನು ಇಡೀ ಆಸ್ಪತ್ರೆಯನ್ನು ಮನಸ್ಸಿನಲ್ಲೇ ಬೈದು ಮುಗಿಸಿದೆ. ಬೈಯುವುದಕ್ಕೆ ಸಮಯ ಬೇಕಾದಷ್ಟಿತ್ತು.

ನಡೆದದ್ದು ಇಷ್ಟು. ಬೆಳಿಗ್ಗೆ ಆಪರೇಷನ್ನಿಗೆಂದು ಭಟ್ಟರ ಎದೆಯ ತಪಾಸಣೆ, ಸ್ಕ್ಯಾನು ಎಲ್ಲ ಇತ್ತು. ಓಡಾಟದಲ್ಲಿ ಪಂಪಿನ ಬ್ಯಾಟರಿ ಸತ್ತು, ಬ್ಯಾಗ್ ಬಹಳ ಹಿಂದೆ ಬಿತ್ತು. ಹನ್ನೊಂದಕ್ಕೆ ವಾಪಸು ಬಂದ ಮೇಲೆ ಹುಡುಗಿ ಸರಿಯಾದ ರೇಟಿನಲ್ಲೇ ಹಚ್ಚಿದಳು. ಆಗ ಅಕ್ಕ ಬ್ಯಾಗ್ ನೋಡಿ, "ಇವತ್ತು ಅರ್ಧದಷ್ಟು ಚೆಲ್ತಾರೆ ಕಾಣ್ತದೆ ಮಗಾ. ಆಪರೇಷನ್ನಿಗೆ ಹೋಗುವ ಮನುಷ್ಯ, ಹೊಟ್ಟೆ ತುಂಬ ಹೋಗ್ಲಿ. ಸ್ವಲ್ಪ ಬೇಗ ಬಿಡು," ಎಂದರಂತೆ. ಹುಡುಗಿ ಪಂಪಿನ ಟೇಪ್ ಸರಿಸಿ ರೇಟ್ ಏರಿಸಿದಳು. ಮಧ್ಯಾಹ್ನ ಶುಗರ್ ವಿಪರೀತ ಏರಿತ್ತು. ರೆಸಿಡೆಂಟ್ ಓಟಿಯಲ್ಲಿ ಕೈ ತೊಳೆದು ನಿಂತಿದ್ದರು, ಫೋನಿನಲ್ಲೇ ಇನ್ಸುಲಿನ್ ಹೇಳಿದರು. ರೇಟ್ ಏರಿಸಿದ್ದು ಅವರಿಗೆ ಯಾರೂ ಹೇಳಲಿಲ್ಲ. ಬ್ಯಾಗ್ ಎರಡಕ್ಕೆ ಮೊದಲೇ ಖಾಲಿಯಾಯಿತು. ಹೊಸ ಬ್ಯಾಗ್ ಫಾರ್ಮಸಿಯಿಂದ ಬಂದಿರಲಿಲ್ಲ. ಖಾಲಿಯಾದ ಪಂಪ್ ಕಿರುಚದಂತೆ ಹುಡುಗಿ ಆಫ್ ಮಾಡಿದಳು, ಲೈನ್ ಮುಚ್ಚಿದಳು. ಸಕ್ಕರೆಯ ಡ್ರಿಪ್ ಹಚ್ಚೋಣವೆಂದರೆ ಆರ್ಡರ್ ಇಲ್ಲ, ಆರ್ಡರ್ ಕೊಡಬೇಕಾದವರು ಓಟಿಯಲ್ಲಿ. ಹುಡುಗಿ ಮತ್ತೆರಡು ಸಲ ಫೋನ್ ಮಾಡಿದ್ದಾಳೆ, ಯಾರೂ ಎತ್ತಲಿಲ್ಲ. ಅಷ್ಟರಲ್ಲಿ ಎರಡು ಹೊಡೆಯಿತು. ಮೇಡಂ ಬಂದರು. ಖಾಲಿ ಸ್ಟ್ಯಾಂಡ್ ನೋಡಿ, "ವೆರಿ ಗುಡ್," ಎಂದು ಮುಂದಿನ ಹಾಸಿಗೆಗೆ ನಡೆದರು.

ಹೊಸ ಬ್ಯಾಗ್ ಬರ್ತದೆ ಎಂದು ಏಜೆನ್ಸಿಯ ಸಿಸ್ಟರಿಗೆ ಒಪ್ಪಿಸಿ ಹುಡುಗಿ ಹಾಸ್ಟೆಲಿಗೆ ಹೋದಳು. ಬ್ಯಾಗ್ ಬರಲೇ ಇಲ್ಲ. ಭಟ್ಟರು ಬೆವರಿದರು, ಏನೋ ತೊದಲಿದರು, ಮಲಗಿದರು. ಅಕ್ಕ ಪಕ್ಕದಲ್ಲೇ ಕೂತಿದ್ದರು. ಸೆರಗಿನಿಂದ ಗಂಡನ ಹಣೆ ಒರೆಸಿದರು, ಫ್ಯಾನ್ ಜೋರು ಮಾಡಿಸಿದರು. ಎಷ್ಟೋ ದಿನಗಳ ಮೇಲೆ ಹೊಟ್ಟೆ ತುಂಬ ಹೋಗಿದೆ, ಅದಕ್ಕೇ ನಿದ್ದೆ ಬಂದಿದೆ ಎಂದುಕೊಂಡು, ಯಾರೂ ಎಬ್ಬಿಸದ ಹಾಗೆ ಪರದೆ ಎಳೆದರು. ಫಿಟ್ಸ್ ಬರುವ ತನಕ ಆ ಪರದೆಯನ್ನು ಯಾರೂ ಸರಿಸಲಿಲ್ಲ.

ಇದನ್ನು ಅವರು ಐಸಿಯುವಿನ ಹೊರಗೆ ನನ್ನ ಕೈ ಹಿಡಿದುಕೊಂಡು ಹೇಳಿದರು. ನನಗೆ ಆಗ ಅಲ್ಲಿ ನಿಲ್ಲಲಾಗಲಿಲ್ಲ.

ಭಟ್ಟರ ಜೀವ ಉಳಿಯಿತು. ಮೆದುಳಿಗೆ ಸಕ್ಕರೆಯಿಲ್ಲದೆ ಎಷ್ಟು ಹೊತ್ತು ಕಳೆಯಿತೋ ಯಾರಿಗೂ ಖಚಿತವಿಲ್ಲ, ಆದರೆ ಅದು ಸಾಕಷ್ಟಾಗಿತ್ತು. ಕಣ್ಣು ಬಿಟ್ಟರು, ಯಾರ ಗುರುತೂ ಸಿಗಲಿಲ್ಲ. ಕೈಕಾಲು ಸೆಟೆದುಕೊಂಡವು. ಕರೆದರೆ ದನಿ ಬಂದ ಕಡೆ ಒಮ್ಮೆ ನೋಡುತ್ತಾರೆ, ಒಮ್ಮೆ ಇಲ್ಲ. ಸರ್ಜನ್ ಆಪರೇಷನ್ ರದ್ದು ಮಾಡಿದರು. ಈ ಸ್ಥಿತಿಯಲ್ಲಿ ಹೊಟ್ಟೆ ತೆರೆಯುವುದರಲ್ಲಿ ಅರ್ಥವಿಲ್ಲ ಎಂದರು. ಅವರ ಕಣ್ಣೂ ಕೆಂಪಾಗಿತ್ತು, ಅದನ್ನು ಇಲ್ಲಿ ಹೇಳದೆ ಬಿಟ್ಟರೆ ತಪ್ಪಾಗುತ್ತದೆ.

ವಿಚಾರಣೆ ಬೇಗ ನಡೆಯಿತು. ನಮ್ಮ ಆಸ್ಪತ್ರೆಯಲ್ಲಿ ಬೇಗ ನಡೆಯುವುದು ಅದೊಂದೇ. ಮೇಟ್ರನ್ ಮೇಡಂ ನನ್ನನ್ನು ಕೋಣೆಗೆ ಕರೆದು ಟೈಪ್ ಮಾಡಿದ ಒಂದು ಹಾಳೆ ಮುಂದಿಟ್ಟರು. ಟಿಪಿಎನ್ ರೇಟ್ ಬದಲಿಸಬಾರದೆಂದು ವಾರ್ಡಿನ ಎಲ್ಲರಿಗೂ ಕಲಿಸಲಾಗಿತ್ತು, ಪಂಪಿನ ಮೇಲೂ ಬರೆಯಲಾಗಿತ್ತು ಎಂದು ಅದರಲ್ಲಿತ್ತು. ಒಂದೊಂದು ಮಾತೂ ನಿಜ. ನನ್ನ ಟೇಪೇ ಅವರಿಗೆ ಸಾಕ್ಷಿಯಾಗಿ ಒದಗಿತ್ತು.

"ಸಹಿ ಹಾಕು," ಎಂದರು.

"ಬಾಕಿ ಬಿಟ್ಟರೆ ನೀವು ಬೈತೀರಿ ಅನ್ನುವುದೂ ಇದರಲ್ಲಿ ಇರಲಿ ಮೇಡಂ."

"ನಾನು ಓಡಿಸು ಅಂತ ಯಾವತ್ತಾದರೂ ಹೇಳಿದ್ದೇನಾ?"

"ಇಲ್ಲ. ಬಾಕಿ ಯಾಕೆ ಅಂತ ಮಾತ್ರ ಕೇಳಿದ್ದೀರಿ."

ಅವರು ಹಾಳೆಯನ್ನು ನನ್ನ ಕಡೆ ಇನ್ನಷ್ಟು ಸರಿಸಿದರು. ಆಮೇಲೆ ದನಿ ತಗ್ಗಿಸಿ, ಹುಡುಗಿ ಹೇಗೂ ಹೋಗ್ತಾಳೆ, ನೀನು ಯಾಕೆ ಹೋಗ್ತೀಯ ಎಂದರು. ಅದನ್ನು ಬೆದರಿಕೆಯಾಗಿ ಅಲ್ಲ, ಕಾಳಜಿಯಿಂದಲೇ ಹೇಳಿದರು. ನನಗೆ ಹೆಚ್ಚು ಸಿಟ್ಟು ಬಂದದ್ದು ಅದಕ್ಕೇ. ನಾನು ಸಹಿ ಹಾಕಲಿಲ್ಲ. ಕಮಿಟಿಯ ಮುಂದೆ ಕೂತು ಎಲ್ಲವನ್ನೂ ಹೇಳಿದೆ. ಎರಡು ಗಂಟೆಯ ರೌಂಡು, ಬಾಕಿ ಎಂಬ ಮಾತು, ಕಮಿಟಿಗೇ ಬರದೆ ಉಳಿದ ನನ್ನ ಬೇಡಿಕೆ. ಅವರು ತಲೆಯಾಡಿಸಿ ಕೇಳಿದರು, ಚಹಾ ಕೊಟ್ಟರು.

ತೀರ್ಮಾನ ಹೀಗೆ ಬಂತು. ಪೇಶಂಟಿನ ಮನೆಯವರ ಒತ್ತಾಯಕ್ಕೆ ಮಣಿದು, ಆರ್ಡರ್ ಇಲ್ಲದೆ, ಸಿಸ್ಟರ್ ರೇಟ್ ಬದಲಿಸಿದ್ದರಿಂದ ಹೀಗಾಯಿತು. ಹುಡುಗಿಗೆ ತಾನಾಗಿ ರಾಜೀನಾಮೆ ಕೊಡಲು ಹೇಳಿದರು. ಮನೆಯವರು ಯಂತ್ರಗಳನ್ನು ಮುಟ್ಟಬಾರದು, ಸಿಬ್ಬಂದಿಯನ್ನು ಒತ್ತಾಯಿಸಬಾರದು ಎಂದು ಹೊಸದೊಂದು ಬೋರ್ಡ್ ಗೋಡೆಗೆ ಬಂತು. ಎರಡು ಗಂಟೆಯ ರೌಂಡ್ ಮೊದಲಿನ ಹಾಗೇ ನಡೆಯಿತು. ನನ್ನನ್ನು ವಾರ್ಡಿನಿಂದ ತೆಗೆದು ಕೆಳಗಿನ ಮಾಳಿಗೆಗೆ, ಆಪರೇಷನ್ ಸಾಮಾನು ಬೇಯಿಸಿ ಶುದ್ಧ ಮಾಡುವ ವಿಭಾಗಕ್ಕೆ ಹಾಕಿದರು. ಅಲ್ಲಿ ಪೇಶಂಟುಗಳಿಲ್ಲ, ಕತ್ತರಿ ಚಿಮಟ ಮಾತ್ರ.

ಹುಡುಗಿ ಟ್ರಂಕ್ ಕಟ್ಟುವಾಗ ನಾನು ಹಾಸ್ಟೆಲಿಗೆ ಹೋಗಿದ್ದೆ.

"ಅಕ್ಕಾರ, ಒಂದು ಮಾತು," ಎಂದಳು. "ಆ ತಾಯಿ ಕೇಳಿದ್ರು ಖರೆ. ಆದ್ರ ಅವ್ರು ಕೇಳದಿದ್ರೂ ನಾ ಓಡಸ್ತಿದ್ನಿರಿ. ಎರಡಕ್ಕ ಮೇಡಂ ಬರ್ತಾರಲ್ರಿ, ಅಷ್ಟು ಬಾಕಿ ಇಟ್ಕೊಂಡು ಹೆಂಗ ನಿಂದ್ರಲಿ? ಕಮಿಟ್ಯಾಗ ಹಂಗ ಹೇಳೀನಿ. ಅವ್ರು ಬರಕೊಳ್ಳಲಿಲ್ಲ."

"ನನ್ನ ಹಾಗೆ ಎಸೆಯಬಹುದಿತ್ತಲ್ಲ?"

"ನೀವು ಸೀನಿಯರ್ ಅದೀರಿ. ನೀವು ಚೆಲ್ಲಿದ್ರ ಅವ್ರು ಆ ಕಡೆ ನೋಡ್ತಾರ. ನಾ ಚೆಲ್ಲಿದ್ರ ನನ್ನ ಕಡೆ ನೋಡ್ತಾರ."

ನಾನು ಅಷ್ಟು ದಿನ ಮಾಡಿದ್ದು ನನ್ನ ಪಾಳಿಯೊಂದನ್ನು ಕಾಪಾಡಿಕೊಂಡದ್ದು ಮಾತ್ರ. ಅವಳ ಟ್ರಂಕನ್ನು ಇಬ್ಬರೂ ಹಿಡಿದು ಕೆಳಗಿಳಿಸಿ, ದಾದರ್ ಸ್ಟೇಷನ್ನಿಗೆ ಟ್ಯಾಕ್ಸಿ ಮಾಡಿಕೊಟ್ಟೆ.

ಭಟ್ಟರನ್ನು ಮತ್ತೆ ವಾರ್ಡಿಗೆ ತಂದಿದ್ದರು. ಬೇರೆ ವಿಭಾಗದವರು ಪೇಶಂಟಿನ ಮನೆಯವರ ಜೊತೆ ಈ ವಿಷಯ ಮಾತಾಡಬಾರದು ಎಂದು ನನಗೆ ಲಿಖಿತವಾಗಿಯೇ ತಿಳಿಸಿದ್ದರು. ಕೆಲವು ದಿನ ಪಾಲಿಸಿದೆ. ಆಮೇಲೆ ಒಂದು ಮಧ್ಯಾಹ್ನ ಅಕ್ಕ ಲಿಫ್ಟಿನ ಬಳಿ ಸಿಕ್ಕಿದರು. ಅರ್ಧಕ್ಕರ್ಧ ಇಳಿದುಹೋಗಿದ್ದರು. ಹೋಟೆಲಿನವರು ಕಳಿಸಿದ ಡಬ್ಬ ಕೈಯಲ್ಲಿತ್ತು, ತೆರೆದ ಹಾಗೆ ಕಾಣಲಿಲ್ಲ.

"ಊಟ ಮಾಡ್ಲಿಲ್ಲವಾ ಅಕ್ಕ?"

"ಗಂಟಲಲ್ಲಿ ಇಳಿಯುದಿಲ್ಲ." ಡಬ್ಬವನ್ನು ಇನ್ನೊಂದು ಕೈಗೆ ಬದಲಿಸಿಕೊಂಡರು. "ಆಫೀಸಿನವರು ಕರೆದು ಎಲ್ಲ ಹೇಳಿದ್ರು ಸಿಸ್ಟರ್. ನಾನು ಆ ಹುಡುಗಿ ಹತ್ರ ಬೇಗ ಬಿಡು ಹೇಳಿದ್ದಕ್ಕೇ ಇವರಿಗೆ ಹೀಗಾದ್ದಂತೆ. ನಾನೇ ನನ್ನ ಕೈಯಾರೆ ಮಾಡಿದ್ದು. ಅವಳ ಕೆಲಸವೂ ಹೋಯ್ತಂತೆ, ನನ್ನಿಂದ."

ಅವರನ್ನು ಮೆಟ್ಟಿಲ ಮೇಲೆ ಕೂರಿಸಿದೆ. ಲಿಖಿತ ಆದೇಶ ನೆನಪಿತ್ತು. ಹೆಚ್ಚೆಂದರೆ ಕೆಲಸ ಹೋಗುತ್ತದೆ, ಹೋಗಲಿ ಎನಿಸಿತು. ಈ ಹೆಂಗಸು ಸಾಯುವ ತನಕ ತನ್ನ ಗಂಡನನ್ನು ತಾನೇ ಕೆಡಿಸಿದೆ ಎಂದುಕೊಂಡು ಬದುಕುವುದನ್ನು ನನ್ನಿಂದ ನೋಡಲಾಗುತ್ತಿರಲಿಲ್ಲ. ಎಲ್ಲವನ್ನೂ ಹೇಳಿದೆ. ನೀವು ಕೇಳದಿದ್ದರೂ ಅವಳು ಓಡಿಸುತ್ತಿದ್ದಳು ಎಂದೆ. ಎರಡು ಗಂಟೆಗೆ ಬಾಕಿ ಇರಬಾರದೆಂಬ ನಮ್ಮ ಪದ್ಧತಿ ಹೇಳಿದೆ. ಮೊದಮೊದಲಿನ ಬೆವರು ನಡುಕಗಳು ಎಲ್ಲಿಂದ ಬಂದವೆಂದು ಹೇಳಿದೆ. ಸರ್ಜನ್ ಕೂಗಾಡಿದ್ದು, ಮೇಡಂ ಹೇಳಿದ್ದು, ಹಚ್ಚದೆ ಉಳಿದ ಸಕ್ಕರೆಯ ಡ್ರಿಪ್ಪು, ಯಾವುದನ್ನೂ ಬಿಡಲಿಲ್ಲ. ನಿಮ್ಮ ತಪ್ಪಿಲ್ಲ ಅಕ್ಕ, ಎಂದು ಮತ್ತೆ ಮತ್ತೆ ಹೇಳಿದೆ. ಅವರ ಎದೆಯ ಭಾರ ಇಳಿಯಬಹುದು, ಅಳಬಹುದು, ನನ್ನ ಕೈ ಹಿಡಿಯಬಹುದು ಎಂದುಕೊಂಡಿದ್ದೆ.

ಅಕ್ಕ ಅಳಲಿಲ್ಲ. ಮಡಿಲಲ್ಲಿದ್ದ ಡಬ್ಬವನ್ನು ಪಕ್ಕಕ್ಕಿಟ್ಟು ನನ್ನ ಮುಖವನ್ನೇ ನೋಡಿದರು.

"ಅಂದ್ರೆ ಇದು ಹೀಗೆ ಆಗ್ತದೆ ಅಂತ ನಿಮಗೆಲ್ಲ ಮೊದಲೇ ಗೊತ್ತಿತ್ತಾ?"

"ಗೊತ್ತಿತ್ತು ಅಕ್ಕ."

"ಡಾಕ್ಟರಿಗೂ?"

"ಅವರಿಗೂ."

"ನಿಮಗೂ?"

"ನನಗೂ."

ಅವರು ಸೆರಗು ಸರಿಪಡಿಸಿಕೊಂಡು ಎದ್ದರು. "ನನಗೆ ಒಬ್ಬಳಿಗೇ ಗೊತ್ತಿರಲಿಲ್ಲ," ಎಂದರು. ಡಬ್ಬ ತೆಗೆದುಕೊಂಡು, ಲಿಫ್ಟಿಗೆ ಕಾಯದೆ ಮೆಟ್ಟಿಲು ಹತ್ತಿ ಗಂಡನ ಬಳಿಗೆ ಹೋದರು. ಆಮೇಲೆ ಎಷ್ಟೋ ಸಲ ಎದುರಾದರೂ ಅವರು ನನ್ನ ಜೊತೆ ಮಾತಾಡಲಿಲ್ಲ.